ಕಾಸ್ಟ್ಕೋದಿಂದ ಕನ್ನಡದ ಅಡುಗೆಮನೆಗೆ ಏನೇನು ತರಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಮನೆ ಹಿಡಿದು, ಹಾಲು ಉಕ್ಕಿಸಿ, ಒಂದು ವಾರ ಕಳೆಯುವಷ್ಟರಲ್ಲಿ ಕೇಳುವ ಮಾತು ಇದು: "ಎಲ್ಲರೂ ಕಾಸ್ಟ್ಕೋ ಕಾಸ್ಟ್ಕೋ ಅಂತಾರೆ. ಅಲ್ಲಿ ನಮ್ಮ ಅಡುಗೆಗೆ ಬೇಕಾದ್ದು ಏನು ಸಿಗುತ್ತೆ?" ನಾನು ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಜನರ ಸಂಸಾರ ನಡೆಸುತ್ತಿದ್ದೇನೆ. ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಮಾಮೂಲಿ ಸೂಪರ್ ಮಾರ್ಕೆಟ್‌ಗೂ ಕಾಸ್ಟ್ಕೋಗೂ ಏನು ವ್ಯತ್ಯಾಸ?

ಇದು ಮೆಂಬರ್‌ಶಿಪ್ ಇದ್ದವರಿಗೆ ಮಾತ್ರ ಇರುವ ಗೋದಾಮು. ಕಾರ್ಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಸಾಮಾನನ್ನು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಮೇಲಿಂದ ಮೇಲೆ ಪೇರಿಸಿಟ್ಟಿರುತ್ತಾರೆ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ 30,000 ಬಗೆಯ ಸಾಮಾನು ಇದ್ದರೆ ಇಲ್ಲಿ ಇರುವುದು ಸುಮಾರು 4,000. ಟೊಮೇಟೊ ಸಾಸ್ ಬೇಕು ಅಂದರೆ ಹತ್ತು ಕಂಪನಿಯದ್ದು ಸಿಗುವುದಿಲ್ಲ, ಒಂದೋ ಎರಡೋ ಇರುತ್ತದೆ. ಒಂದೇ ಸಾಮಾನನ್ನು ರಾಶಿಗಟ್ಟಲೆ ಕೊಳ್ಳುವುದರಿಂದ ಅವರಿಗೆ ಅಗ್ಗಕ್ಕೆ ಸಿಗುತ್ತದೆ. ಹೊರಗಿನ ಬ್ರ್ಯಾಂಡ್‌ಗಳಿಗೆ 14 ಪರ್ಸೆಂಟ್, ತಮ್ಮದೇ ಬ್ರ್ಯಾಂಡಿಗೆ 15 ಪರ್ಸೆಂಟ್‌ಗಿಂತ ಜಾಸ್ತಿ ಏರಿಸಿ ಮಾರಬಾರದು ಅಂತ ಅವರೇ ಹಾಕಿಕೊಂಡ ಕಟ್ಟುಪಾಡೂ ಇದೆ. ಕಂಪನಿಯ ಲಾಭದಲ್ಲಿ ದೊಡ್ಡ ಪಾಲು ಬರುವುದು ನಾವು ಕಟ್ಟುವ ಮೆಂಬರ್‌ಶಿಪ್ ಹಣದಿಂದಲೇ.

ಈ ಪದ್ಧತಿ ಶುರುವಾದದ್ದು 1976ರಲ್ಲಿ, ಸ್ಯಾನ್ ಡಿಯಾಗೋದಲ್ಲಿ. ಸಾಲ್ ಪ್ರೈಸ್ ಎಂಬುವರು ಹಳೆಯ ವಿಮಾನ ಶೆಡ್ ಒಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ಅವರ ಕೈಕೆಳಗೆ ಪಳಗಿದ ಜಿಮ್ ಸಿನೆಗಲ್, ಜೆಫ್ರಿ ಬ್ರಾಟ್ಮನ್ ಜೊತೆ ಸೇರಿ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್ಕೋ ಶುರು ಮಾಡಿದರು. 1993ರಲ್ಲಿ ಎರಡೂ ಒಂದಾದವು. ನೀವು ಎಲ್ಲ ಡಬ್ಬಿಗಳ ಮೇಲೂ ನೋಡುವ ಕರ್ಕ್ಲೆಂಡ್ ಸಿಗ್ನೇಚರ್ ಅವರ ಸ್ವಂತ ಬ್ರ್ಯಾಂಡ್. ಬಂದದ್ದು 1995ರಲ್ಲಿ. ಆಗ ಅವರ ಮುಖ್ಯ ಕಚೇರಿ ಇದ್ದ ವಾಷಿಂಗ್ಟನ್ ರಾಜ್ಯದ ಕರ್ಕ್ಲೆಂಡ್ ಊರಿನ ಹೆಸರನ್ನೇ ಅದಕ್ಕೆ ಇಟ್ಟರು.

ನಾವು ಗಂಡ ಹೆಂಡತಿ ಇಬ್ಬರೇ. ನಮಗೆ ಈ ಕಾರ್ಡ್ ಬೇಕಾ?

ದಿನಾ ಮನೆಯಲ್ಲೇ ಅಡುಗೆ ಮಾಡುತ್ತೀರಿ, ತುಪ್ಪ ತಿನ್ನುತ್ತೀರಿ, ಫ್ರೀಜರ್‌ನಲ್ಲಿ ಜಾಗ ಇದೆ ಅಂದರೆ ಬೇಕು. ವಾರದಲ್ಲಿ ನಾಲ್ಕು ದಿನ ಹೊರಗೆ ತಿನ್ನುವವರಾದರೆ ಬೇಡ. ಅಂಗಡಿಯಲ್ಲಿ ಬೆಲೆ ನೋಡಿ ಅಗ್ಗ ಅನ್ನಿಸಿದ್ದು ನಿಮ್ಮ ಫ್ರಿಜ್‌ನಲ್ಲಿ ಕೊಳೆತರೆ ಅದೇ ಎಲ್ಲಕ್ಕಿಂತ ದುಬಾರಿ. ನಾನು ಯಾರಿಗೇ ಹೇಳಿದರೂ ಮೊದಲು ಹೇಳುವುದು ಇದನ್ನೇ: ನಿಮ್ಮ ಅಡುಗೆಮನೆ ಏನನ್ನು ಖಾಲಿ ಮಾಡುತ್ತದೋ ಅದನ್ನು ಮಾತ್ರ ತನ್ನಿ.

ಒಳ್ಳೆಯ ಉಪಾಯ ಅಂದರೆ ಪಕ್ಕದ ಅಪಾರ್ಟ್‌ಮೆಂಟಿನ ಇನ್ನೊಂದು ಮನೆಯವರ ಜೊತೆ ಹಂಚಿಕೊಳ್ಳುವುದು. ನಾವು ಮೊದಲ ಎರಡು ವರ್ಷ ಹಾಗೇ ಮಾಡಿದ್ದು. ಈರುಳ್ಳಿ ಮೂಟೆ, ಬೀನ್ಸ್, ಮಾವಿನ ಹಣ್ಣಿನ ಪೆಟ್ಟಿಗೆ, ಎಲ್ಲ ಅರ್ಧ ಅರ್ಧ. ಕಾರ್ ಪಾರ್ಕಿಂಗ್‌ನಲ್ಲೇ ಡಿಕ್ಕಿ ತೆಗೆದು ಪಾಲು ಮಾಡಿಬಿಡುತ್ತಿದ್ದೆವು.

65 ಡಾಲರ್ ಕಾರ್ಡ್ ತೊಗೊಳ್ಳಲಾ, 130 ಡಾಲರ್‌ದಾ?

2024ರ ಸೆಪ್ಟೆಂಬರ್‌ನಿಂದ ಸಾದಾ ಕಾರ್ಡಿಗೆ ವರ್ಷಕ್ಕೆ 65, ಎಕ್ಸಿಕ್ಯೂಟಿವ್ ಕಾರ್ಡಿಗೆ 130 ಡಾಲರ್. ಎಕ್ಸಿಕ್ಯೂಟಿವ್‌ನಲ್ಲಿ ಖರೀದಿಯ ಮೇಲೆ 2 ಪರ್ಸೆಂಟ್ ವಾಪಸ್ ಬರುತ್ತದೆ. ಪೆಟ್ರೋಲ್, ಫುಡ್ ಕೋರ್ಟ್ ಇದಕ್ಕೆ ಸೇರುವುದಿಲ್ಲ. ಲೆಕ್ಕ ಹಾಕಿದರೆ ವರ್ಷಕ್ಕೆ 3,250 ಡಾಲರ್, ಅಂದರೆ ತಿಂಗಳಿಗೆ ಸುಮಾರು 271 ಡಾಲರ್ ಖರೀದಿ ಮಾಡಿದರೆ ಜಾಸ್ತಿ ಕೊಟ್ಟ 65 ಡಾಲರ್ ವಾಪಸ್ ಬಂತು. ಮೊದಲ ವರ್ಷ ಸಾದಾ ಕಾರ್ಡ್ ತೊಗೊಳ್ಳಿ. ಎರಡರಲ್ಲಿ ಯಾವ ಕಾರ್ಡ್ ತೊಗೊಂಡರೂ, ಅದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಎರಡನೇ ಕಾರ್ಡ್ ಪುಕ್ಕಟೆ ಸಿಗುತ್ತದೆ. ಮನಸ್ಸಿಗೆ ಬರಲಿಲ್ಲ ಅಂದರೆ ಮೆಂಬರ್‌ಶಿಪ್ ಹಣವನ್ನೂ ವಾಪಸ್ ಕೊಡುತ್ತಾರೆ.

ಇನ್ನೊಂದು ಮಾತು. ಅಮೆರಿಕದ ಕಾಸ್ಟ್ಕೋಗಳಲ್ಲಿ ಕ್ರೆಡಿಟ್ ಕಾರ್ಡ್ ವೀಸಾ ಮಾತ್ರ ನಡೆಯುತ್ತದೆ. ಡೆಬಿಟ್ ಕಾರ್ಡ್, ನಗದು ಆಗುತ್ತದೆ. ಗಾಡಿ ತುಂಬ ಸಾಮಾನು ತುಂಬಿಕೊಂಡು ಕೌಂಟರಿಗೆ ಹೋದಮೇಲೆ ಇದು ಗೊತ್ತಾದರೆ ಕಷ್ಟ.

ಮೊದಲ ಸಲ ಹೋಗುತ್ತಿದ್ದೇವೆ. ಒಂದೇ ಒಂದು ಪದಾರ್ಥ ಹೇಳಿ ಅಂದರೆ?

ಬೆಣ್ಣೆ. ಎರಡನೇ ಮಾತೇ ಇಲ್ಲ.

ಕರ್ಕ್ಲೆಂಡ್‌ನ ಉಪ್ಪಿಲ್ಲದ ಬೆಣ್ಣೆ ಒಂದೊಂದು ಪೌಂಡಿನ ನಾಲ್ಕು ಡಬ್ಬಿ ಸೇರಿಸಿ ಕಟ್ಟಿರುತ್ತದೆ. ಒಟ್ಟು 4 ಪೌಂಡ್, ಅಂದರೆ 1.8 ಕೆಜಿ. ಉಪ್ಪು ಹಾಕಿದ್ದು, ಹಾಕದ್ದು ಅಕ್ಕಪಕ್ಕದಲ್ಲೇ ಇರುತ್ತವೆ, ಡಬ್ಬಿಯೂ ಹೆಚ್ಚುಕಮ್ಮಿ ಒಂದೇ ಥರ. ಎರಡೆರಡು ಸಲ ಓದಿ ತೊಗೊಳ್ಳಿ. ಅಮೆರಿಕದ ಕಾನೂನಿನ ಪ್ರಕಾರ ಬೆಣ್ಣೆಯಲ್ಲಿ ಕನಿಷ್ಠ 80 ಪರ್ಸೆಂಟ್ ಜಿಡ್ಡು ಇರಲೇಬೇಕು. ಹಾಗಾಗಿ 4 ಪೌಂಡ್ ಬೆಣ್ಣೆ ಕಾಯಿಸಿದರೆ ಸುಮಾರು 1.4 ಕೆಜಿ ತುಪ್ಪ ಬರುತ್ತದೆ. ಅಷ್ಟೇ ತೂಕದ ತುಪ್ಪದ ಬಾಟಲಿಗೆ ಅಂಗಡಿಯಲ್ಲಿ ಎಷ್ಟಿದೆ ಅಂತ ಒಮ್ಮೆ ನೋಡಿ, ನಿಮಗೇ ತಿಳಿಯುತ್ತದೆ. ಕಾಸ್ಟ್ಕೋದಲ್ಲಿ ತಯಾರಾದ ತುಪ್ಪದ ಜಾಡಿಯೂ ಸಿಗುತ್ತದೆ. ಆದರೆ ಮನೆ ತುಂಬ ಹರಡುವ ಆ ವಾಸನೆ ಜಾಡಿಯಲ್ಲಿ ಬರುವುದಿಲ್ಲ ಅಲ್ವಾ?

ಆ ಬೆಣ್ಣೆಯಿಂದ ತುಪ್ಪ ಮಾಡುವುದು ಹೇಗೆ? ನಾನು ಮಾಡಿದರೆ ಸೀದುಹೋಗುತ್ತೆ.

ಒಂದು ಸಲಕ್ಕೆ ಎರಡು ಪೌಂಡ್ ಸಾಕು. ದಪ್ಪ ತಳದ ಪಾತ್ರೆ ತೊಗೊಳ್ಳಿ. ಬೆಣ್ಣೆ ಮುಕ್ಕಾಲು ಪಾತ್ರೆಗಿಂತ ಮೇಲೆ ಬರಬಾರದು, ಉಕ್ಕುತ್ತದೆ. ಸಣ್ಣ ಉರಿಯಲ್ಲಿ ಕರಗಲು ಬಿಡಿ. ಮೊದಲು ಬಿಳಿ ನೊರೆ ಮೇಲೆ ಬರುತ್ತದೆ. ಆಮೇಲೆ ನೀರಿನಂಶ ಹೋಗುವಾಗ ಚಟಪಟ ಅಂತ ಜೋರು ಸದ್ದು. ಈ ಸದ್ದನ್ನು ಕೇಳುತ್ತಾ ಇರಬೇಕು, ಪಾತ್ರೆ ನೋಡುವುದಕ್ಕಿಂತ ಇದು ಮುಖ್ಯ. ಸದ್ದು ಕಡಿಮೆಯಾಗುತ್ತಾ ಬಂತು ಅಂದರೆ ನೀರು ಮುಗಿಯಿತು. ಆಗ ಸೌಟಿನಿಂದ ನೊರೆಯನ್ನು ಪಕ್ಕಕ್ಕೆ ಸರಿಸಿ ತಳ ನೋಡಿ. ಗಸಿ ಹುರಿದ ರವೆಯ ಬಣ್ಣಕ್ಕೆ ತಿರುಗಿದ ಕೂಡಲೇ ಉರಿ ಆರಿಸಿಬಿಡಿ. ಇನ್ನೂ ಸ್ವಲ್ಪ ಕೆಂಪಾಗಲಿ ಅಂತ ಕಾಯಬೇಡಿ. ಇಲ್ಲಿಯ ಕರೆಂಟ್ ಸ್ಟೌ ಆರಿಸಿದ ಮೇಲೂ ಬಿಸಿ ಬಿಡುವುದಿಲ್ಲ. ಹೆಚ್ಚಿನವರಿಗೆ ತುಪ್ಪ ಸೀಯುವುದು ಈ ಕಾರಣಕ್ಕೇ. ಪಾತ್ರೆಯನ್ನು ಎತ್ತಿ ಬೇರೆ ಕಡೆ ಇಡಿ.

ಆರಿಸುವ ಮೊದಲು ನಮ್ಮಮ್ಮ ನಾಲ್ಕು ಕಾಳು ಮೆಂತ್ಯ, ಒಂದು ವೀಳ್ಯದೆಲೆ ಹಾಕುತ್ತಾರೆ. ವೀಳ್ಯದೆಲೆ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ನುಗ್ಗೆಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಬಿಸಿ ಆರಿದ ಮೇಲೆ ಸೋಸಿ ಗಾಜಿನ ಬಾಟಲಿಗೆ ಹಾಕಿ, ಫ್ರಿಜ್‌ನಲ್ಲಿ ಇಡದೆ ಅಡುಗೆಕಟ್ಟೆಯ ಮೇಲೇ ಬಿಡಿ. ನಿಧಾನವಾಗಿ ಗಟ್ಟಿಯಾದರೆ ಮರಳು ಮರಳಾದ ತುಪ್ಪ. ತಳದಲ್ಲಿ ಉಳಿದ ಗಸಿಗೆ ಬಿಸಿ ಅನ್ನ, ಚೂರು ಉಪ್ಪು ಹಾಕಿ ಕಲಸಿದರೆ ನಮ್ಮ ಮಕ್ಕಳು ಜಗಳಾಡಿಕೊಂಡು ತಿನ್ನುತ್ತಾರೆ.

ಹಾಲು, ಮೊಸರಿಗೆ ಯಾವುದು ಒಳ್ಳೆಯದು?

ಹಾಲು ಗ್ಯಾಲನ್ ಲೆಕ್ಕ. ಒಂದು ಗ್ಯಾಲನ್ ಅಂದರೆ 3.78 ಲೀಟರ್. ಕಾಸ್ಟ್ಕೋದಲ್ಲಿ ಸಾಮಾನ್ಯವಾಗಿ ಎರಡು ಗ್ಯಾಲನ್ ಜೋಡಿ ಕಟ್ಟಿ ಮಾರುತ್ತಾರೆ. ಮೊಸರಿಗೆ ಹೋಲ್ ಮಿಲ್ಕ್, ಅಂದರೆ ಜಿಡ್ಡು ತೆಗೆಯದ ಹಾಲು ತನ್ನಿ. 2 ಪರ್ಸೆಂಟ್ ಜಿಡ್ಡಿನ ಹಾಲಿನ ಮೊಸರು ತೆಳ್ಳಗಾಗುತ್ತದೆ. ಇಲ್ಲಿಯ ಹಾಲಿನ ಜಿಡ್ಡನ್ನು ಮೊದಲೇ ಒಡೆದು ಬೆರೆಸಿರುವುದರಿಂದ ಕಾಯಿಸಿದರೆ ಊರಿನಂತೆ ದಪ್ಪ ಕೆನೆ ಕಟ್ಟುವುದಿಲ್ಲ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ಹಾಲೇ ಹಾಗೆ.

ಹೆಪ್ಪಿಗೆ ಗೊತ್ತಿದ್ದವರ ಮನೆಯ ಮೊಸರು ಒಂದು ಚಮಚ ಕೇಳಿ ತನ್ನಿ. ಬೆರಳು ತಡೆಯುವಷ್ಟು ಬಿಸಿಯಲ್ಲಿ ಹೆಪ್ಪು ಹಾಕಿ, ಚಳಿಗಾಲದಲ್ಲಿ ಪಾತ್ರೆಯನ್ನು ಆರಿದ ಓವನ್ ಒಳಗಿಟ್ಟು ಅದರ ಲೈಟ್ ಮಾತ್ರ ಹಾಕಿಬಿಡಿ. ಬೆಳಿಗ್ಗೆಗೆ ಮೊಸರು. ಡಬ್ಬಿಯ ಗ್ರೀಕ್ ಯೋಗರ್ಟ್ ನೀರು ಸೋಸಿದ ಗಟ್ಟಿ ಮೊಸರು. ಮೊಸರನ್ನಕ್ಕೆ ಹಾಕುವುದಾದರೆ ಅಷ್ಟೇ ಹಾಲು ಸೇರಿಸಿ, ಇಲ್ಲದಿದ್ದರೆ ಅನ್ನ ಮುದ್ದೆಯಾಗುತ್ತದೆ.

ಅಕ್ಕಿ, ಬೇಳೆ, ಗೋಧಿಹಿಟ್ಟು?

ಬಾಸ್ಮತಿ ಅಕ್ಕಿ ಧಾರಾಳವಾಗಿ ತನ್ನಿ. ರಾಯಲ್ ಬ್ರ್ಯಾಂಡಿನ 20 ಪೌಂಡ್ ಚೀಲ, ಅಂದರೆ 9 ಕೆಜಿ, ಸಾಮಾನ್ಯವಾಗಿ ಇರುತ್ತದೆ. ಪಲಾವ್, ಚಿತ್ರಾನ್ನಕ್ಕೆ ಚೆನ್ನ. ಆದರೆ ಸಾರನ್ನಕ್ಕೆ ಸೋನಾ ಮಸೂರಿ ಬೇಕು ಅನ್ನುವವರು ಇಂಡಿಯನ್ ಅಂಗಡಿಗೇ ಹೋಗಬೇಕು. ತೊಗರಿಬೇಳೆ, ರಾಗಿಹಿಟ್ಟು, ಬಿಸಿಬೇಳೆಬಾತ್ ಪುಡಿ, ಬ್ಯಾಡಗಿ ಮೆಣಸಿನಕಾಯಿ ಇವಕ್ಕೂ ಅಷ್ಟೇ. ಚಕ್ಕಿ ಅಟ್ಟಾ ನಮ್ಮವರು ಜಾಸ್ತಿ ಇರುವ ಊರುಗಳ ಕಾಸ್ಟ್ಕೋದಲ್ಲಿ ಸಿಗುತ್ತದೆ, ಬೇರೆ ಕಡೆ ಇಲ್ಲ. ಕಿನೋವಾ ಎಂಬ ಸಣ್ಣ ಕಾಳು ಸಿಗುತ್ತದೆ, ಉಪ್ಪಿಟ್ಟಿಗೆ ಆಗುತ್ತದೆ. ಮೂರು ನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಕಹಿ. ಓಟ್ಸ್ 10 ಪೌಂಡಿನ ಪೆಟ್ಟಿಗೆ, ದೋಸೆಗೆ ಹಾಕುವವರಿಗೆ ಸರಿ.

ಗೋಡಂಬಿ, ಬಾದಾಮಿ ಅಲ್ಲಿಯದ್ದು ಒಳ್ಳೆಯದು ಅಂತಾರೆ, ನಿಜಾನಾ?

ನಿಜ. ಬೆಣ್ಣೆಯ ನಂತರ ನನ್ನ ಪಟ್ಟಿಯಲ್ಲಿ ಎರಡನೆಯದು ಇದೇ. ಬಾದಾಮಿ, ಅಕ್ರೋಟ್ 3 ಪೌಂಡಿನ ಚೀಲಗಳಲ್ಲಿ ಬರುತ್ತವೆ. ಕಾಳು ಒಂದೇ ಸಮ, ಮುರಿದದ್ದು ಕಡಿಮೆ.

ಗೋಡಂಬಿಯ ವಿಷಯದಲ್ಲಿ ಮಾತ್ರ ಎಚ್ಚರ. ಎರಡೂವರೆ ಪೌಂಡಿನ ಆ ದೊಡ್ಡ ಡಬ್ಬಿಯಲ್ಲಿರುವುದು ಹುರಿದು ಉಪ್ಪು ಹಾಕಿದ ಗೋಡಂಬಿ. ಉಪ್ಪಿಲ್ಲದ್ದೂ ಬರುತ್ತದೆ, ಅದೂ ಹುರಿದದ್ದೇ. ನಾನು ಮೊದಲ ಯುಗಾದಿಗೆ ಲೇಬಲ್ ಓದದೆ ಶಾವಿಗೆ ಪಾಯಸಕ್ಕೆ ಉಪ್ಪಿನ ಗೋಡಂಬಿ ಹಾಕಿಬಿಟ್ಟಿದ್ದೆ. ಅವತ್ತು ಊಟಕ್ಕೆ ಆರು ಜನ ಬಂದಿದ್ದರು. ಒಂದೊಂದೇ ಗೋಡಂಬಿ ಹೆಕ್ಕಿ ತೆಗೆದು, ಹಾಲು ಬೆಲ್ಲ ಇನ್ನಷ್ಟು ಸೇರಿಸಿ ಸರಿಮಾಡಬೇಕಾಯಿತು. ಒಗ್ಗರಣೆಗೆ, ಪಾಯಸಕ್ಕೆ ಹಸಿ ಗೋಡಂಬಿ ಬೇಕಾದರೆ ಇಂಡಿಯನ್ ಅಂಗಡಿಯಲ್ಲಿ ಕೇಳಿ. ಡಬ್ಬಿಯದ್ದು ಸುಮ್ನೆ ತಿನ್ನಲು.

ಬಾದಾಮಿಯ ಚೀಲದ ಮೇಲೆ ಹಸಿ ಅಂತ ಬರೆದಿದ್ದರೂ ಅದು ಪಾಶ್ಚರೈಸ್ ಮಾಡಿದ್ದು, ಅಂದರೆ ರೋಗಾಣು ಸಾಯಿಸಿದ್ದು. ಅಮೆರಿಕದಲ್ಲಿ ಮಾರುವ ಕ್ಯಾಲಿಫೋರ್ನಿಯಾದ ಬಾದಾಮಿಗೆ 2007ರಿಂದ ಅದು ಕಡ್ಡಾಯ. ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ಬಿಡಿಸಲು ಏನೂ ತೊಂದರೆ ಇಲ್ಲ. ಮೊಳಕೆ ಬರಲಿ ಅಂತ ಮಾತ್ರ ಕಾಯಬೇಡಿ.

ಚೀಲ ತೆರೆದ ಮೇಲೆ ಒಂದು ಸಣ್ಣ ಡಬ್ಬಿಯಷ್ಟು ಹೊರಗಿಟ್ಟು ಉಳಿದದ್ದು ಫ್ರೀಜರ್‌ಗೆ. ಅಕ್ರೋಟ್ ಅಂತೂ ಹೊರಗಿಟ್ಟರೆ ಬೇಗ ಕಮಟು ಹಿಡಿಯುತ್ತದೆ.

ತರಕಾರಿ ಅಷ್ಟೊಂದು ತಂದರೆ ಹಾಳಾಗಲ್ವಾ?

ಹಾಳಾಗುವುದೂ ಇದೆ, ಆಗದೇ ಇರುವುದೂ ಇದೆ.

ಹುರುಳಿಕಾಯಿ, ಅಂದರೆ ಬೀನ್ಸ್, 2 ಪೌಂಡಿನ ಚೀಲ. ತುದಿ ಕತ್ತರಿಸಿ ತೊಳೆದು ಕೊಟ್ಟಿರುತ್ತಾರೆ. ಎಳೆಯದಾಗಿರುತ್ತದೆ. ಬೀನ್ಸ್ ಪಲ್ಯಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಇಲ್ಲಿ ಸಿಕ್ಕಿಲ್ಲ. ಚೀಲದೊಳಗೆ ಬೆವರು ಕಟ್ಟಿದರೆ ಲೋಳೆಯಾಗುತ್ತದೆ. ಮನೆಗೆ ಬಂದ ದಿನವೇ ತೆಗೆದು, ಪೇಪರ್ ಟವೆಲ್ ಸುತ್ತಿ ಡಬ್ಬಿಗೆ ಹಾಕಿ. ಪಾಲಕ್ ಒಂದು ಪೌಂಡಿನ ಡಬ್ಬಿ ನೋಡಿ ಹೆದರಬೇಡಿ, ಬೆಂದರೆ ಒಂದು ಹಿಡಿ. ಮಸೊಪ್ಪಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ದಪ್ಪ ಮೆಣಸಿನಕಾಯಿ ಆರರ ಚೀಲ ಹತ್ತು ದಿನ ತಡೆಯುತ್ತದೆ. ಪುಟ್ಟ ಸೌತೆಕಾಯಿ ಕೋಸಂಬರಿಗೆ ಹೇಳಿ ಮಾಡಿಸಿದ್ದು, ನಾಲ್ಕೈದು ದಿನದೊಳಗೆ ಬಳಸಿ.

ಬಿಡಿಸಿದ ಬೆಳ್ಳುಳ್ಳಿಯ 3 ಪೌಂಡ್ ಚೀಲ ಕೆಲಸಕ್ಕೆ ಹೋಗುವವರಿಗೆ ವರದಾನ. ಸ್ವಲ್ಪ ಎಣ್ಣೆ ಹಾಕಿ ರುಬ್ಬಿ, ಐಸ್ ಟ್ರೇಯಲ್ಲಿ ತುಂಬಿ ಆ ದಿನವೇ ಫ್ರೀಜರ್‌ಗೆ ಇಡಿ. ಗಟ್ಟಿಯಾದ ಮೇಲೆ ಕಳಚಿ ಜಿಪ್ ಚೀಲಕ್ಕೆ ಹಾಕಿದರೆ ಎರಡು ಮೂರು ತಿಂಗಳು ಚಿಂತೆ ಇಲ್ಲ. ರುಬ್ಬಿ ಎಣ್ಣೆ ಹಾಕಿದ್ದನ್ನು ಹೊರಗಡೆ ಇಡಬಾರದು, ಕೆಡುತ್ತದೆ. ಫ್ರೋಜನ್ ಬಟಾಣಿ ಯಾವಾಗಲೂ ಮನೆಯಲ್ಲಿರಲಿ. ಪೂರಿ ಸಾಗು, ಪಲಾವ್, ಅವಲಕ್ಕಿ, ಎಲ್ಲಕ್ಕೂ ಆಗುತ್ತದೆ. ಈರುಳ್ಳಿ 10 ಪೌಂಡ್ ಮೂಟೆ ತಂದರೆ ಆಲೂಗಡ್ಡೆಯ ಪಕ್ಕ ಇಡಬೇಡಿ. ಎರಡೂ ಬೇಗ ಮೊಳೆಯುತ್ತವೆ.

ಅವರೆಕಾಳು ಸಿಗುತ್ತಾ?

ಇಲ್ಲ. ಡಿಸೆಂಬರ್ ಬಂತು ಅಂದರೆ ಬೆಂಗಳೂರಿನವರಿಗೆ ಅವರೆಬೇಳೆ ಮೇಳ ನೆನಪಾಗಿ ಹೊಟ್ಟೆ ಉರಿಯುವುದು ನನಗೂ ಗೊತ್ತು.

ಅದರ ಹತ್ತಿರಕ್ಕೆ ಬರುವುದು ಫ್ರೋಜನ್ ಎಡಮಾಮೆ, ಅಂದರೆ ಎಳೆ ಸೋಯಾ ಕಾಯಿ. ಜಪಾನಿನವರು ಉಪ್ಪು ಉದುರಿಸಿ ತಿನ್ನುವುದು. ಬೇಯಿಸಿಯೇ ಫ್ರೀಜ್ ಮಾಡಿರುತ್ತಾರೆ. ಕಾಯಿಯನ್ನು ಐದು ನಿಮಿಷ ಬಿಸಿನೀರಿನಲ್ಲಿ ಹಾಕಿ, ಬೆರಳಲ್ಲಿ ಒತ್ತಿದರೆ ಹಸಿರು ಕಾಳು ಪುಟ್ಟನೆ ಚಿಮ್ಮುತ್ತದೆ. ಇನ್ನೊಮ್ಮೆ ಹಿತಕಿದರೆ ಮೇಲಿನ ತೆಳು ಸಿಪ್ಪೆಯೂ ಜಾರುತ್ತದೆ. ಅಮ್ಮ ಇಲ್ಲಿಗೆ ಬಂದಾಗ ಟಿವಿ ನೋಡುತ್ತಾ ಒಂದು ಪಾತ್ರೆ ಕಾಳು ಹಿತಕಿಟ್ಟಿದ್ದರು. ತೆಂಗಿನಕಾಯಿ, ಧನಿಯ, ಚಕ್ಕೆ ಲವಂಗ, ಹಸಿಮೆಣಸಿನಕಾಯಿ ರುಬ್ಬಿ ಹಾಕಿ ಸಾರು ಮಾಡಿದರು. ಬಣ್ಣ, ಮೆತ್ತಗೆ ಬಾಯಲ್ಲಿ ಕರಗುವುದು ಎರಡೂ ಸರಿ. ಸೊಗಡು ಮಾತ್ರ ಇಲ್ಲ. "ಅವರೆಕಾಯಿಯ ತಂಗಿ ಇದು" ಅಂದರು ಅಮ್ಮ. ಅಷ್ಟಾದರೂ ಸಿಕ್ಕಿತಲ್ಲ.

ಹಣ್ಣುಗಳಲ್ಲಿ ಯಾವುದು?

ಮಾರ್ಚ್‌ನಿಂದ ಬೇಸಿಗೆಯವರೆಗೆ ಮೆಕ್ಸಿಕೋದ ಅಟಾಲ್ಫೋ ಮಾವು ಪೆಟ್ಟಿಗೆಯಲ್ಲಿ ಬರುತ್ತದೆ. ಹಳದಿ, ಸಣ್ಣದು, ಸ್ವಲ್ಪ ಕೊಕ್ಕೆಯಂತೆ ಬಾಗಿರುತ್ತದೆ. ಹನಿ ಮ್ಯಾಂಗೋ ಅಂತಲೂ ಬರೆದಿರುತ್ತಾರೆ. ಭಾರತದ ಮಾವನ್ನು ಅಮೆರಿಕ 2007ರಿಂದ ಬಿಟ್ಟುಕೊಂಡಿದೆ, ಆದರೆ ವಿಮಾನದಲ್ಲಿ ಬರುವ ಬಾದಾಮಿ ಹಣ್ಣಿಗೆ ಬೆಲೆ ಜಾಸ್ತಿ. ಸೀಕರಣೆಗೆ ಅಟಾಲ್ಫೋ ಸಾಕು. ತಂದ ದಿನ ತಿನ್ನಬೇಡಿ. ಹೊರಗಿಟ್ಟು ಸಿಪ್ಪೆ ಸುಕ್ಕುಗಟ್ಟುವವರೆಗೆ ಕಾಯಿರಿ. ಸುಕ್ಕಾಯಿತು, ಹಾಳಾಯಿತು ಅಂತ ಎಸೆದವರನ್ನು ನೋಡಿದ್ದೇನೆ, ನಿಜವಾಗಿ ಆಗಲೇ ಅದು ಹಣ್ಣಾಗುವುದು. ನಾರಿಲ್ಲ, ಓಟೆ ಕಾಗದದಂತೆ ತೆಳ್ಳಗೆ. ತಿರುಳು ಕಿವುಚಿ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ ಚಪಾತಿ ಜೊತೆ ಕೊಡಿ. ದೊಡ್ಡ ಕೆಂಪು ಬಣ್ಣದ ಟಾಮಿ ಆಟ್ಕಿನ್ಸ್ ಮಾವು ನೋಡಲು ಚೆಂದ, ಆದರೆ ನಾರು. ಅದನ್ನು ಕಾಯಿ ಇರುವಾಗಲೇ ಚಿತ್ರಾನ್ನಕ್ಕೆ ತುರಿಯುವುದು ಮೇಲು.

ಬೆಣ್ಣೆಹಣ್ಣು, ಅಂದರೆ ಆವಕಾಡೊ, ಚೀಲದಲ್ಲಿ ಐದಾರು. ಕಲ್ಲಿನಂತೆ ಇರುವುದನ್ನೇ ತನ್ನಿ. ದಿನಕ್ಕೊಂದರಂತೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟು ಹಣ್ಣು ಮಾಡಿ, ಮೆತ್ತಗಾದದ್ದನ್ನು ಫ್ರಿಜ್‌ಗೆ ಸೇರಿಸಿ. ಸ್ಟ್ರಾಬೆರಿ ಡಬ್ಬಿಯನ್ನು ತಲೆಕೆಳಗು ಮಾಡಿ ತಳ ನೋಡಿ. ಅಲ್ಲಿ ರಸ ಇಳಿದಿದ್ದರೆ ಬೇಡ. ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ.

ಅಲ್ಲಿಯ ಕಾಫಿಬೀಜ ಫಿಲ್ಟರ್ ಕಾಫಿಗೆ ಆಗುತ್ತಾ?

ಒಂದೇ ಹಾಕಿದರೆ ಆಗುವುದಿಲ್ಲ. ಚಿಕ್ಕಮಗಳೂರು, ಕೊಡಗಿನ ಪುಡಿಗೆ ಒಗ್ಗಿದ ನಾಲಿಗೆಗೆ ಡಿಕಾಕ್ಷನ್ ತೆಳು ಅನ್ನಿಸುತ್ತದೆ, ಚಿಕೋರಿ ಇಲ್ಲವಲ್ಲ. ಡಾರ್ಕ್ ರೋಸ್ಟ್ ಬೀಜ ತಂದು, ಇಂಡಿಯನ್ ಅಂಗಡಿಯ ಚಿಕೋರಿ ಐದರಲ್ಲಿ ಒಂದು ಪಾಲು ಬೆರೆಸಿ. ಸಣ್ಣಗೆ ಪುಡಿ ಮಾಡಬೇಕು, ಆದರೆ ಮೈದಾದಷ್ಟು ನುಣ್ಣಗೆ ಅಲ್ಲ. ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ದೊಡ್ಡ ಚೀಲವಾದ್ದರಿಂದ ಇನ್ನೊಂದು ಮನೆಯವರ ಜೊತೆ ಹಂಚಿಕೊಳ್ಳಿ.

ನಾವು ಸಸ್ಯಾಹಾರಿಗಳು. ಯಾವುದನ್ನು ನೋಡಿ ಕೊಳ್ಳಬೇಕು?

ಇಲ್ಲಿ ಹಸಿರು ಚುಕ್ಕಿ ಇಲ್ಲ. ಇದು ಬಹಳ ಮುಖ್ಯ. ಊರಲ್ಲಿ ಪ್ಯಾಕೆಟ್ ತಿರುಗಿಸಿ ಚುಕ್ಕಿ ನೋಡಿದರೆ ಮುಗಿಯಿತು. ಇಲ್ಲಿ ಹಿಂದಿನ ಸಣ್ಣ ಅಕ್ಷರ ಓದಲೇಬೇಕು.

ಜೆಲಾಟಿನ್ ಅಂದರೆ ಪ್ರಾಣಿಯ ಚರ್ಮ ಮೂಳೆಯಿಂದ ತೆಗೆದದ್ದು. ಮಾರ್ಷ್‌ಮ್ಯಾಲೊ, ಗಮ್ಮಿ ಮಿಠಾಯಿ, ಮಕ್ಕಳ ವಿಟಮಿನ್ ಗಮ್ಮಿ, ಕೆಲವು ಹಣ್ಣಿನ ಯೋಗರ್ಟ್‌ಗಳಲ್ಲಿ ಇರುತ್ತದೆ. ಲಾರ್ಡ್ ಅಂದರೆ ಹಂದಿಯ ಕೊಬ್ಬು. ಸೂಪುಗಳಲ್ಲಿ ತರಕಾರಿ ಚಿತ್ರ ಇದ್ದರೂ ಒಳಗೆ ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿದ ನೀರು ಇರಬಹುದು. ಇಟಲಿಯಿಂದ ಬರುವ ಅಸಲಿ ಪಾರ್ಮಿಜಾನೊ ರೆಜಾನೊ ಚೀಸನ್ನು ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಮಾಡಬೇಕೆಂಬ ನಿಯಮ ಇದೆ. ಹಾಗಾಗಿ ಅದು ಸಸ್ಯಾಹಾರ ಅಲ್ಲ. ಪೆಸ್ಟೋ ಎಂಬ ಇಟಲಿಯ ಹಸಿರು ಚಟ್ನಿಯ ಡಬ್ಬಿಯಲ್ಲೂ ಇಂಥ ಚೀಸ್ ಇರುತ್ತದೆ, ನೋಡಿ. ಬೇಕರಿ ವಿಭಾಗದ ಮಫಿನ್, ಕೇಕ್ ಎಲ್ಲಕ್ಕೂ ಮೊಟ್ಟೆ ಹಾಕಿರುತ್ತಾರೆ.

ಒಂದು ಸಹಾಯ ಇದೆ. ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುತ್ತದೆ ಅಂತ ಹೇಳುವ ಕೋಷರ್ ಗುರುತು: ವೃತ್ತದೊಳಗೆ ಯು ಅಕ್ಷರ, ಪಕ್ಕದಲ್ಲಿ ಡಿ. ಅವರು ಮಾಂಸ, ಹಾಲು ಎರಡನ್ನೂ ಒಟ್ಟಿಗೆ ತಿನ್ನುವುದಿಲ್ಲ. ಡಿ ಇದ್ದರೆ ಹಾಲಿನದ್ದು, ಮಾಂಸ ಬೆರೆತಿಲ್ಲ ಅಂತ. ಆದರೂ ಮೊಟ್ಟೆ, ಮೀನು ಇರಬಹುದು. ಓದುವುದನ್ನು ಬಿಡಬೇಡಿ.

ಆ ಒಂದೂವರೆ ಡಾಲರ್ ಹಾಟ್ ಡಾಗ್?

ಅಲ್ಲಿಯ ಫುಡ್ ಕೋರ್ಟಿನಲ್ಲಿ 1980ರ ದಶಕದಿಂದಲೂ ಹಾಟ್ ಡಾಗ್ (ಬನ್ನಿನೊಳಗೆ ಮಾಂಸದ ಸಾಸೇಜ್), ಸೋಡ ಸೇರಿ 1.50 ಡಾಲರೇ. ಬೆಲೆ ಏರಿಸಿಲ್ಲ. ಅದು ಪೂರ್ತಿ ದನದ ಮಾಂಸದ್ದು ಎಂಬುದು ಮಾತ್ರ ಗೊತ್ತಿರಲಿ. ಬೇಡವಾದವರು ಅಲ್ಲೇ ಚೀಸ್ ಪಿಜ್ಜಾ ತೊಗೊಳ್ಳುತ್ತಾರೆ.

ಕೋಳಿ, ಕುರಿ, ಮೀನು?

ಸುಟ್ಟ ಕೋಳಿ 4.99 ಡಾಲರ್, ಸುಮಾರು 3 ಪೌಂಡ್. ಈ ಬೆಲೆ ಹಿಡಿದಿಡಲಿಕ್ಕೆಂದೇ ಕಾಸ್ಟ್ಕೋ ನೆಬ್ರಾಸ್ಕಾದ ಫ್ರೀಮಾಂಟ್‌ನಲ್ಲಿ ಸ್ವಂತ ಕೋಳಿ ಘಟಕ ಕಟ್ಟಿದೆ, 2019ರಲ್ಲಿ ಶುರುವಾಯಿತು. ಕೆಲಸದಿಂದ ಬಂದ ಸಂಜೆಗೆ ಇದು ದೊಡ್ಡ ಆಸರೆ. ನಮ್ಮ ಮನೆಯಲ್ಲಿ ಮೊದಲ ದಿನ ಎದೆಭಾಗ ಬಿಡಿಸಿ ಈರುಳ್ಳಿ, ಕರಿಬೇವು, ಕಾಳುಮೆಣಸು ಹಾಕಿ ಒಣಪಲ್ಯದ ಹಾಗೆ ಹುರಿಯುತ್ತೇವೆ. ಮರುದಿನ ಮೂಳೆಗಳನ್ನು ನೀರಿನ ಜೊತೆ ಕುಕ್ಕರಿಗೆ ಹಾಕಿ ರಸ ಇಳಿಸಿ, ಹುರಿದ ಮಸಾಲೆ ರುಬ್ಬಿ ಹಾಕಿದರೆ ರಾಗಿಮುದ್ದೆಗೆ ಸಾರು. ಕೋಳಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಸಾರಿಗೆ ಕೊನೆಯಲ್ಲಿ ರುಚಿ ನೋಡಿ ಉಪ್ಪು ಹಾಕಿ.

ಆಸ್ಟ್ರೇಲಿಯಾದ ಕುರಿಮಾಂಸ ಎಳೆಯದು, ಬೇಗ ಬೇಯುತ್ತದೆ. ಹಲಾಲ್ ಬೇಕಾದವರು ಪೊಟ್ಟಣದ ಮೇಲಿನ ಗುರುತು ನೋಡಿ. ಕರಾವಳಿಯವರಿಗೆ ಬಂಗುಡೆ, ಕಾಣೆ ಇಲ್ಲಿ ಸಿಗುವುದಿಲ್ಲ. ಸೀಗಡಿ ಚೆನ್ನಾಗಿದೆ, ಗಸಿಗೂ ಸುಕ್ಕಾಗೂ ಆಗುತ್ತದೆ. ಸಾಲ್ಮನ್ ಸಾರಿಗಿಂತ ತವಾ ಫ್ರೈಗೆ ವಾಸಿ.

ಬೆಲೆ ಚೀಟಿ ಓದುವುದು ಹೇಗೆ?

ದೊಡ್ಡ ಅಂಕಿ ಬಿಟ್ಟುಬಿಡಿ. ಮೂಲೆಯಲ್ಲಿ ಸಣ್ಣಗೆ ಒಂದು ಪೌಂಡಿಗೆ ಅಥವಾ ಒಂದು ಔನ್ಸಿಗೆ ಎಷ್ಟು ಅಂತ ಇರುತ್ತದೆ. ಹೋಲಿಸಬೇಕಾದ್ದು ಅದನ್ನು. ಪೌಂಡ್ ಅಂದರೆ 454 ಗ್ರಾಂ, ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ಬೆಲೆ 97 ಸೆಂಟ್‌ಗೆ ಮುಗಿದರೆ ಸಾಮಾನ್ಯವಾಗಿ ಇಳಿಸಿದ ಬೆಲೆ. ಚೀಟಿಯ ಮೇಲ್ತುದಿಯಲ್ಲಿ ನಕ್ಷತ್ರದ ಗುರುತು ಕಂಡರೆ ಆ ಸಾಮಾನು ಮತ್ತೆ ತರಿಸುವುದಿಲ್ಲ ಅಂತ ಇಲ್ಲಿನ ಹಳಬರೆಲ್ಲ ಲೆಕ್ಕ ಇಟ್ಟುಕೊಂಡಿರುತ್ತಾರೆ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಖಂಡಿತ. ಒಂದು ಕಾರ್ಡಿಗೆ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಹೋಗಬಹುದು. ದುಡ್ಡು ಮಾತ್ರ ಕಾರ್ಡ್ ಇರುವವರೇ ಕೊಡಬೇಕು. ಅಲ್ಲಲ್ಲಿ ಮೇಜಿಟ್ಟು ರುಚಿ ನೋಡಲು ಪುಟ್ಟ ಕಪ್ಪಿನಲ್ಲಿ ತಿಂಡಿ ಕೊಡುತ್ತಾರೆ. ಹಿರಿಯರು ಸಸ್ಯಾಹಾರಿಗಳಾದರೆ ನೀವು ಮೊದಲು ಕೇಳಿ, ಆಮೇಲೆ ಕೊಡಿ. ಒಳಗೆ ತಣ್ಣಗಿರುತ್ತದೆ, ಹಾಲು ತರಕಾರಿಯ ಕೋಣೆಯಂತೂ ಕೊರೆಯುತ್ತದೆ. ಶಾಲು ತೊಗೊಂಡು ಹೋಗಿ. ದೊಡ್ಡ ಜಾಗ, ಕಾಲುನೋವು ಇರುವವರಿಗೆ ಬಾಗಿಲ ಹತ್ತಿರ ಕೂತು ಓಡಿಸುವ ಗಾಡಿ ಇರುತ್ತದೆ, ಸಂಕೋಚ ಬೇಡ. ಹೊರಡುವಾಗ ಬಾಗಿಲಲ್ಲಿ ಬಿಲ್ ನೋಡಿ ಗೆರೆ ಎಳೆಯುತ್ತಾರೆ. ಅದು ಎಲ್ಲರಿಗೂ ಮಾಡುವುದು. ನಮ್ಮ ಮೇಲೆ ಅನುಮಾನ ಬಂತಾ ಅಂತ ಅಪ್ಪ ಬೇಜಾರು ಮಾಡಿಕೊಂಡಿದ್ದರು, ಮೊದಲೇ ಹೇಳಿಬಿಡಿ.

ತಂದದ್ದು ಚೆನ್ನಾಗಿಲ್ಲದಿದ್ದರೆ?

ಬಿಲ್ ಇಲ್ಲದಿದ್ದರೂ ನಿಮ್ಮ ಕಾರ್ಡಿನ ಲೆಕ್ಕದಲ್ಲಿ ಖರೀದಿ ದಾಖಲಾಗಿರುತ್ತದೆ. ತಿನ್ನುವ ಪದಾರ್ಥ ವಾಪಸ್ ತೊಗೊಳ್ಳುತ್ತಾರೆ. ಆದರೆ ಮುಕ್ಕಾಲು ತಿಂದು ವಾಪಸ್ ಕೊಡುವವರನ್ನು ನೋಡಿದರೆ ನನಗೆ ಕೋಪ ಬರುತ್ತದೆ. ನಿಜವಾಗಿ ಕೆಟ್ಟಿದ್ದರೆ ಮಾತ್ರ ಕೊಡಿ.

ಬೆಂಗಳೂರಿನಲ್ಲಿ ಇಂಥ ಅಂಗಡಿ ಇದೆಯಾ?

ಕಾಸ್ಟ್ಕೋ ಇಲ್ಲ. ಹತ್ತಿರದ್ದು ಅಂದರೆ ಜರ್ಮನಿಯ ಮೆಟ್ರೋ ಎಂಬ ಸಗಟು ಅಂಗಡಿ, 2003ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೇ ಮೊದಲು ತೆರೆಯಿತು. ಅದು ಅಂಗಡಿ, ಹೋಟೆಲ್ ನಡೆಸುವವರಿಗೆಂದು ಬಂದದ್ದು, ಮನೆಯವರಿಗಲ್ಲ. 2023ರಲ್ಲಿ ರಿಲಯನ್ಸ್ ಅದನ್ನು ಕೊಂಡುಕೊಂಡಿತು.

ಕನ್ನಡ ಕೂಟದ ಊಟಕ್ಕೆ 50 ಜನಕ್ಕೆ ಮಾಡಬೇಕು. ಏನು ತರಲಿ?

ಯುಗಾದಿ, ರಾಜ್ಯೋತ್ಸವಕ್ಕೆ ನಮ್ಮ ಪಟ್ಟಿ ಹೀಗಿರುತ್ತದೆ: ಬಾಸ್ಮತಿ ಒಂದು ಚೀಲ, ಬಟಾಣಿ ಎರಡು, ಬೀನ್ಸ್ ಮೂರು, ಕ್ಯಾರೆಟ್ 10 ಪೌಂಡ್, ಬೆಣ್ಣೆ ಒಂದು ಕಟ್ಟು, ಮೊಸರಿಗೆ ಹಾಲು ನಾಲ್ಕು ಗ್ಯಾಲನ್. ಕಾಗದದ ತಟ್ಟೆ, ಲೋಟ, ಫಾಯಿಲ್ ಟ್ರೇ ಇವೂ ಅಲ್ಲೇ. ಪಲಾವ್, ಕೋಸಂಬರಿ, ಮೊಸರನ್ನ ಇಷ್ಟರಲ್ಲೇ ಆಗುತ್ತದೆ. ಒಬ್ಬರೇ ಹೋಗಬೇಡಿ. ಗಾಡಿ ತಳ್ಳುವುದಕ್ಕೇ ಇಬ್ಬರು ಬೇಕು.

ಯಾವುದನ್ನು ತರಬಾರದು?

ಮಸಾಲೆ ಪುಡಿಗಳು. ದೊಡ್ಡ ಡಬ್ಬಿಯ ಅರಿಶಿನ, ಮೆಣಸಿನ ಪುಡಿ ಮುಗಿಯುವ ಮೊದಲೇ ಘಮ ಹೋಗುತ್ತದೆ. 12ರ ಕ್ರೊಸಾಂಟ್ (ಪದರ ಪದರದ ಬೆಣ್ಣೆ ಬನ್) ಡಬ್ಬಿ, ಮನೆಯಲ್ಲಿ ಮಕ್ಕಳಿಲ್ಲದಿದ್ದರೆ. ಯಾವತ್ತೂ ತಿಂದೇ ಇಲ್ಲದ ಫ್ರೋಜನ್ ತಿಂಡಿಯ ದೊಡ್ಡ ಪೆಟ್ಟಿಗೆ. ಕೊಬ್ಬರಿ ಎಣ್ಣೆ ದೊಡ್ಡ ಡಬ್ಬಿ, ಅಡುಗೆಗೆ ದಿನಾ ಬಳಸುವ ಮಂಗಳೂರು ಕಡೆಯವರ ಹೊರತು. ಹಸಿದುಕೊಂಡು ಹೋದರಂತೂ ಇವೆಲ್ಲವೂ ಗಾಡಿಗೆ ಬರುತ್ತವೆ. ತಿಂಡಿ ತಿಂದು ಹೋಗಿ.

ಊರಿಗೆ ಹೋಗುವಾಗ ಏನು ಒಯ್ಯಲಿ?

ಕ್ಯಾಲಿಫೋರ್ನಿಯಾದ ಪಿಸ್ತಾ 3 ಪೌಂಡ್ ಚೀಲ, ಬಾದಾಮಿ, ಚಾಕೊಲೇಟ್. ಅತ್ತೆಮಾವಂದಿರಿಗೆ, ಪಕ್ಕದ ಮನೆಯವರಿಗೆ ಸಣ್ಣ ಸಣ್ಣ ಜಿಪ್ ಚೀಲ ಮಾಡಿ ಹಂಚಲು ಪಿಸ್ತಾದಷ್ಟು ಒಳ್ಳೆಯದು ಬೇರೆ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಹೋಗುವವರು ಚಾಕೊಲೇಟ್ ಬಿಟ್ಟುಬಿಡಿ, ಕರಗಿ ಬಟ್ಟೆಗೆಲ್ಲ ಅಂಟುತ್ತದೆ. ಮೇಪಲ್ ಸಿರಪ್ ಬಾಟಲಿ ಒಯ್ಯುವುದಾದರೆ ಎರಡು ಚೀಲ ಸುತ್ತಿ, ಸೀರೆಗಳ ನಡುವೆ ಅಲ್ಲ, ಚಪ್ಪಲಿ ಇಡುವ ಕಡೆ ಇಡಿ. ಒಂದು ಸೂಟ್‌ಕೇಸಿಗೆ 23 ಕೆಜಿ ಮಿತಿ ಇದ್ದರೆ 3 ಪೌಂಡಿನ ಒಂದೊಂದು ಚೀಲವೂ ಸುಮಾರು 1.4 ಕೆಜಿ ಅಂತ ಲೆಕ್ಕ ಇಟ್ಟುಕೊಳ್ಳಿ. ಬರುವಾಗ ಅದೇ ಜಾಗಕ್ಕೆ ಅಮ್ಮ ಸಾರಿನ ಪುಡಿ, ಹಪ್ಪಳ ಸಂಡಿಗೆ ತುಂಬಿಸಿ ಕಳಿಸುತ್ತಾರೆ.